ಟ್ರೇಸಬಿಲಿಟಿಗೆ ಕನ್ನಡದಲ್ಲಿ ಏನಂತೀರಿ? ಬೋರ್ಡ್ ಬರೆಸ್ಬೇಕು, ಶುಕ್ರವಾರದೊಳಗೆ

ಬರೆದವರು: ಬೆಳೆಗಾರರ ಸಂಘದ ಕಚೇರಿ, ಮೂಡಿಗೆರೆ ಕಡೆ

ಎಲ್ಲರಿಗೂ ನಮಸ್ಕಾರ. ಇಷ್ಟು ದಿನ ಬರೀ ಓದ್ತಾ ಇದ್ದೆ, ಇವತ್ತು ಕೇಳ್ಲೇಬೇಕಾಗಿ ಬಂತು. ಟ್ರೇಸಬಿಲಿಟಿ, ಅಂದ್ರೆ ಮಾಲು ಯಾವ ತೋಟದಿಂದ ಬಂತು ಅಂತ ಹಿಂದಕ್ಕೆ ಹೋಗಿ ತಿಳ್ಕೊಳ್ಳೋಕೆ ಆಗೋದು, ಅದಕ್ಕೆ ಪದ ಬೇಕು. ಒಂದು, ನಮ್ಮ ಗೋಡೌನ್ ಬಾಗಿಲ ಮೇಲೆ ಹಾಕೋ ಬೋರ್ಡಿಗೆ. ಇನ್ನೊಂದು, ಬೆಳೆಗಾರರಿಗೆ ಹಂಚೋಕೆ ಅಂತ ನಾನು ಇಂಗ್ಲಿಷಿಂದ ಅನುವಾದ ಮಾಡ್ತಾ ಇರೋ ಕೈಪಿಡಿಗೆ. ಕೈಪಿಡಿ ತಡ ಆದ್ರೂ ನಡೆಯುತ್ತೆ, ಪೇಂಟರ್ ಮಾತ್ರ ಶುಕ್ರವಾರ ಬಿಟ್ರೆ ಹದಿನೈದು ದಿನ ಸಿಗಲ್ಲ.

ವಿಷಯ ಇಷ್ಟು. ಯುರೋಪಿಯನ್ ಯೂನಿಯನ್ನಿನವರು 2023ರಲ್ಲಿ ಒಂದು ಕಾನೂನು ಮಾಡಿದ್ರು, 2020ರ ಡಿಸೆಂಬರ್ 31 ಆದ್ಮೇಲೆ ಕಾಡು ಕಡಿದ ಜಾಗದಲ್ಲಿ ಬೆಳೆದ ಕಾಫಿ ಅಲ್ಲಿಗೆ ಹೋಗೋ ಹಾಗಿಲ್ಲ, ಕೋಕೋ ರಬ್ಬರ್ ಸೋಯಾ ಎಲ್ಲಕ್ಕೂ ಅದೇ. ಕಾಫಿ ಹೋಗ್ಬೇಕಂದ್ರೆ ಯಾವ ತೋಟದ್ದು ಅಂತ ಅಕ್ಷಾಂಶ ರೇಖಾಂಶ ಸಮೇತ ಕೊಡ್ಬೇಕು. 4 ಹೆಕ್ಟೇರ್ ಒಳಗಿದ್ರೆ, ಅಂದ್ರೆ ಹೆಚ್ಚುಕಮ್ಮಿ 10 ಎಕರೆ, ಮ್ಯಾಪಲ್ಲಿ ಒಂದು ಚುಕ್ಕೆ ಸಾಕು, ಅದಕ್ಕಿಂತ ಜಾಸ್ತಿ ಇದ್ರೆ ತೋಟದ ಸುತ್ತ ಗಡಿ ಎಳೆದು ಕೊಡ್ಬೇಕು. 2024ರ ಡಿಸೆಂಬರ್ 30ಕ್ಕೆ ಜಾರಿ ಅಂದಿದ್ದು ಎರಡು ಸಲ ಮುಂದಕ್ಕೆ ಹೋಗಿದೆ, ಆದ್ರೆ ನಮ್ಮ ಕಾಫಿ ಇಟಲಿ ಜರ್ಮನಿ ಬೆಲ್ಜಿಯಂಗೇ ಹೆಚ್ಚು ಹೋಗೋದ್ರಿಂದ ಯಾರೂ ಕೈಕಟ್ಟಿ ಕೂರೋ ಹಾಗಿಲ್ಲ, ಕಾಫಿ ಮಂಡಳಿಯವರು ಆ್ಯಪ್ ಬಿಟ್ಟಿದ್ದಾರೆ, ನಾವೂ ಬರ್ತಾ ಬರ್ತಾನೇ ಒಬ್ಬೊಬ್ಬರದ್ದು ಬರ್ಕೊಳ್ತಾ ಇದೀವಿ.

ಹೋದ ತಿಂಗಳು ಯಾರೋ ಮಾಡಿಕೊಟ್ಟ ಫ್ಲೆಕ್ಸ್ ಹಾಕಿದ್ವಿ, ‘ಪತ್ತೆಹಚ್ಚುವಿಕೆ ಕೇಂದ್ರ’ ಅಂತ. ಒಬ್ಬರು ಹಿರಿಯರು, ಎಪ್ಪತ್ತು ದಾಟಿದವರು, ಪಿಕಪ್ಪಲ್ಲಿ ಹನ್ನೊಂದು ಚೀಲ ರೋಬಸ್ಟಾ ಚೆರಿ, ಅಂದ್ರೆ ಒಣಗಿಸಿದ ಕಾಫಿ ಹಣ್ಣು, ಹಾಕ್ಕೊಂಡು ಬಂದ್ರು. ಇಳಿದು ಫ್ಲೆಕ್ಸ್ ಕೆಳಗೆ ನಿಂತು ಒಂದೊಂದೇ ಅಕ್ಷರ ಕೂಡಿಸಿ ಗಟ್ಟಿಯಾಗಿ ಓದಿದ್ರು. ಪಹಣಿ ಇಟ್ಟಿದ್ದ ಪ್ಲಾಸ್ಟಿಕ್ ಕವರ್ ಕೈಯಲ್ಲಿತ್ತು, ಅದನ್ನ ಮೆಲ್ಲಗೆ ಅಂಗಿ ಒಳಗೆ ಸೇರಿಸಿಕೊಂಡು, “ಏನಮ್ಮ, ಇಲ್ಲಿ ಪತ್ತೆ ಹಚ್ಚೋ ಅಂಥದ್ದು ಯಾರ್ ಏನ್ ಕದ್ದಿದಾರೆ?” ಅಂದ್ರು. ಅವರ ಪಹಣಿಯಲ್ಲಿರೋದು ಎರಡೂವರೆ ಎಕರೆ, ಪಕ್ಕದ ಏರಲ್ಲಿ ಅವರಪ್ಪನ ಕಾಲದಿಂದ ಮಾಡ್ಕೊಂಡು ಬಂದಿರೋ ಇನ್ನೊಂದು ಚೂರು ಇದೆ, ಅದಕ್ಕೆ ಕಾಗದ ಇಲ್ಲ. ನಮ್ಮೂರ ಕಡೆ ಒತ್ತುವರಿ ಅನ್ನೋ ಮಾತು ಕೇಳಿದ್ರೆ ನಿದ್ದೆ ಬರಲ್ಲ ಅನ್ನೋರು ಎಷ್ಟೋ ಜನ ಇದಾರೆ. ಅವರು ಒಂದು ಚೀಲಾನೂ ಇಳಿಸದೆ ವಾಪಸ್ ಹೋದ್ರು. ಅವತ್ತು ಸಾಯಂಕಾಲಾನೇ ಆ ಫ್ಲೆಕ್ಸ್ ಬಿಚ್ಚಿಸಿದೆ.

ಹಾಗಾಗಿ ನನಗೆ ಬೇಕಿರೋ ಪದ ಮನುಷ್ಯನ ಮೇಲೆ ಬೀಳಬಾರದು, ಚೀಲದ ಮೇಲೆ ಬೀಳ್ಬೇಕು. ದಯವಿಟ್ಟು ಸಹಾಯ ಮಾಡಿ. ಪೂರೈಕೆ ಸರಪಳಿ, ಸುಸ್ಥಿರ ಇವುಗಳ ಬಗ್ಗೆನೂ ಏನಾದ್ರೂ ಒಳ್ಳೇದಿದ್ರೆ ಹೇಳಿ, ಅವು ಆಮೇಲಾದ್ರೂ ಪರವಾಗಿಲ್ಲ.

ಬರೆದವರು: ನಿವೃತ್ತ ಕನ್ನಡ ಅಧ್ಯಾಪಕ, ಮೈಸೂರು

‘ಅನುರೇಖನೀಯತೆ’ ಬಳಸಿ. ಹಿಂದಿಯಲ್ಲಿ ಇದೇ ಮೂಲದಿಂದ ಮಾಡಿಕೊಂಡು ಬಳಸ್ತಾ ಇದಾರೆ, ನಾವು ಬೇರೆ ಹುಡುಕೋ ಅಗತ್ಯ ಇಲ್ಲ. ರೇಖೆಯನ್ನು ಅನುಸರಿಸಿ ಹೋಗಬಹುದಾದ ಗುಣ, ಅರ್ಥ ನಿಖರವಾಗಿದೆ. ‘ಪತ್ತೆಹಚ್ಚುವಿಕೆ’ ವ್ಯಾಕರಣದಿಂದಲೇ ತಪ್ಪು, ‘ವಿಕೆ’ ಪ್ರತ್ಯಯ ಕ್ರಿಯೆಯನ್ನು ಹೇಳುತ್ತೆ, ಸಾಧ್ಯತೆಯನ್ನಲ್ಲ. ಓದುವಿಕೆ ಅಂದ್ರೆ ಓದಬಹುದಾಗಿರೋದು ಅಂತ ಯಾರಾದ್ರೂ ಅಂತಾರಾ? ಸಾಧ್ಯತೆ ಬೇಕಿದ್ರೆ ಸಂಸ್ಕೃತದ ‘ಅನೀಯ’ ಪ್ರತ್ಯಯಕ್ಕೆ ಹೋಗ್ಲೇಬೇಕು. ಶಾಸ್ತ್ರ, ಕಾನೂನು, ವಿಜ್ಞಾನ ಮೂರಕ್ಕೂ ಸಂಸ್ಕೃತವೇ ಗತಿ, ಇದನ್ನ ಈ ಪಟ್ಟಿಯಲ್ಲಿ ಎಷ್ಟು ಸಲ ಹೇಳಿದೀನೋ ಗೊತ್ತಿಲ್ಲ.

ಬರೆದವರು: ಎಲ್ಲರ ಕನ್ನಡದವ, ಬೆಂಗಳೂರು

ಅದು ಕನ್ನಡ ಅಲ್ಲ. ಬಿಟ್ಟಾಕಿ.

ಅಕ್ಕಾ, ಹಳಗನ್ನಡದಲ್ಲಿ ಇದಕ್ಕೆ ನೇರ ಪದ ಇದೆ: ಬೞಿ. ಈಗಿನ ಬರಹದಲ್ಲಿ ಬಳಿ. ತಮಿಳಿನ ವೞಿ ಇದರದ್ದೇ ಒಡಹುಟ್ಟು, ದಾರಿ ಅಂತ. ಕನ್ನಡದಲ್ಲಿ ದಾರಿ, ಜಾಡು, ಪೀಳಿಗೆ ಮೂರೂ ಈ ಒಂದೇ ಪದದಲ್ಲಿ ಇದ್ವು, ತುಳುನಾಡಲ್ಲಿ ಇವತ್ತಿಗೂ ನಿಮ್ಮ ಬಳಿ ಯಾವ್ದು ಅಂತ ಕೇಳಿದ್ರೆ ನೀವು ಯಾವ ಮೂಲದವರು ಅಂತಾನೇ. ‘ಬಳಿಕ’ ಅಂತೀವಲ್ಲ ಅದೂ ಇಲ್ಲಿಂದಾನೇ, ಹಿಂದೆ ಬರೋದು. ‘ಬಳಿವಿಡಿ’ ಅಂದ್ರೆ ಜಾಡು ಹಿಡಿದು ಹೋಗು, ಹಳೇ ಕಾವ್ಯಗಳಲ್ಲಿ ದಾರಾಳವಾಗಿ ಸಿಗುತ್ತೆ. ಸಾವಿರ ವರುಶದಿಂದ ಪದ ಮನೇಲಿ ಕೂತಿದೆ, ನಾವು ಹಿಂದಿಯವರ ಬಾಗಿಲಲ್ಲಿ ಬಿಕ್ಶೆಗೆ ನಿಂತಿದೀವಿ. ‘ಬಳಿವಿಡಿತ’ ಅಂತ ಬೋರ್ಡ್ ಬರೆಸಿ. ಮೊದಲ ತಿಂಗಳು ಜನ ಕೇಳ್ತಾರೆ, ಆಮೇಲೆ ಬಳಕೆಗೆ ಬರುತ್ತೆ. ಪದ ಹುಟ್ಟೋದೇ ಹಾಗೆ.

ಬರೆದವರು: ಬೆಳೆಗಾರರ ಸಂಘದ ಕಚೇರಿ, ಮೂಡಿಗೆರೆ ಕಡೆ

ಇಬ್ಬರಿಗೂ ಥ್ಯಾಂಕ್ಸ್. ಮೇಷ್ಟ್ರೇ, ಅನುರೇಖನೀಯತೆ ನಮ್ಮ ಅಧ್ಯಕ್ಷರ ಕೈಲಿ ಓದಿಸಿದೆ, ಎರಡು ಸಲ ತಡವರಿಸಿದ್ರು, ಅವರು ಬಿಎ ಓದಿದವರು. ಬಳಿವಿಡಿತ ನನಗೆ ಬಹಳ ಇಷ್ಟ ಆಯ್ತು, ನಿಜವಾಗ್ಲೂ, ಆದ್ರೆ ಇವತ್ತಿನ ಕಣ್ಣಿಗೆ ಬಳಿ ಅಂದ್ರೆ ಹತ್ತಿರ ಇಲ್ಲಾ ಸುಣ್ಣ ಬಳಿ. ಪೇಂಟರ್ ಹತ್ರ ‘ಬಳಿವಿಡಿತ ಕೇಂದ್ರ’ ಅಂದಿದ್ದಕ್ಕೆ ಬಣ್ಣ ಬಳಿಯೋ ಕೆಲಸ ಕಲಿಸ್ತೀರಾ ಅಂತ ಕೇಳ್ದ. ಒಂದು ತಿಂಗಳು ಕಾಯೋಕೆ ನನಗೆ ಆಗಲ್ಲ ಅಣ್ಣ, ಕೊಯ್ಲು ಶುರು ಆಗಿದೆ, ಚೀಲ ಬರ್ತಾ ಇವೆ. ‘ಜಾಡು’ ಅಂತಾನೂ ಒಬ್ರು ಹೇಳಿದ್ರು, ಆದ್ರೆ ಈ ಕಡೆ ಜಾಡು ಅಂದ್ರೆ ಆನೆ. ಬೆಳಿಗ್ಗೆ ಎದ್ದು ತೋಟದಲ್ಲಿ ನೋಡೋದೇ ಅದನ್ನ.

ಬರೆದವರು: ದ್ರಾಕ್ಷಿ ತೋಟದವ್ರು, ವಿಜಯಪುರ

ನಮಸ್ಕಾರ್ರಿ. ನಮ್ಮ ಕಡೆ ಬಾಳ ಮಂದಿ ಮಣೂಕಾನ, ಅಂದ್ರ ಒಣದ್ರಾಕ್ಷಿನ, ಮಾಡ್ತಾರ, ಆದ್ರ ಯುರೋಪಿಗೆ ಹಸೀ ಹಣ್ಣು ಕಳಸೋ ಮಂದಿಗೆ ಈ ಲೆಕ್ಕ ಹೊಸಾದಲ್ಲ. ಗ್ರೇಪ್‌ನೆಟ್ ಅಂತ ಅಪೆಡಾದವ್ರು, ಅಂದ್ರ ರಫ್ತು ನೋಡ್ಕೊಳ್ಳೋ ಕೇಂದ್ರ ಸರ್ಕಾರದ ಸಂಸ್ಥೆಯವ್ರು, ಎಂದೋ ಮಾಡ್ಯಾರ. ತ್ವಾಟ ರಜಿಸ್ಟರ್ ಮಾಡಿಸಬೇಕು, ಔಷಧಿ ಯಾವಾಗ ಹೊಡದ್ರಿ ಬರದಿಡಬೇಕು, ಲ್ಯಾಬಿನಾಗ ಪಾಸ್ ಆಗಬೇಕು, ಪೆಟಗಿ ಮ್ಯಾಲಿನ ನಂಬರ್ ಹಿಡದ್ರ ತ್ವಾಟದ ತನಕ ತಿಳೀತೈತಿ. ದಾಳಿಂಬ್ರಿಗೂ ಹಂಗ ಐತಿ, ಅನಾರ್‌ನೆಟ್.

ನಿಮ್ಮ ಕಡೆ ಪತ್ತೆ ಅಂದ್ರ ಪೊಲೀಸ್ರು ನೆನಪಾಗ್ತಾರ ಅಂದ್ರಿ. ನಮ್ಮ ಕಡೆ ಪತ್ತಾ ಅಂದ್ರ ವಿಳಾಸ ಅಷ್ಟ. ಪತ್ತಾ ಬರದು ಕೊಡ್ರಿ ಅಂತೀವಿ, ಅದರಾಗ ಅಂಜೂದೇನೂ ಇಲ್ಲ. ಮರಾಠಿಯಿಂದ ಬಂದಿದ್ದಿರಬೇಕು, ಇರಲಿ, ಪಹಣಿನೂ ಮರಾಠಿದೇ ಐತಿ, ಪಾಹಣಿ ಅಂದ್ರ ನೋಡೂದು, ಕಣ್ಣಿಲೆ ನೋಡಿ ಬರಕೊಳ್ಳೂದು. ಯಾರೂ ಪಹಣಿ ಬ್ಯಾಡ ಅನ್ನಂಗಿಲ್ಲ. ನಾ ಹೇಳೂದು ‘ಮಾಲಿನ ಪತ್ತಾ’ ಅನ್ರಿ. ನಿಮ್ಮ ಕಡೆ ನಡೀದಿದ್ರ ‘ಮಾಲಿನ ಮೂಲ’ ಅನ್ರಿ, ಆದ್ರ ಆ ಉದ್ದನ್ನ ಸಂಸ್ಕೃತ ಮಾತ್ರ ಬ್ಯಾಡ್ರಿ ತಾಯಿ, ರೈತರು ಅದನ್ನ ಓದಿ ಆಚೆ ಹೊಕ್ಕಾರ.

ಬರೆದವರು: ಸಾಫ್ಟ್‌ವೇರ್ ಅನುವಾದಕಿ, ಬೆಂಗಳೂರು

ನನ್ನ ಅನುಭವದಲ್ಲಿ ಹೇಳೋದಾದ್ರೆ ಟ್ರೇಸಬಿಲಿಟಿ ಅಂತಾನೇ ಬಿಡಿ. ಆ್ಯಪ್‌ಗಳ ಅನುವಾದ ಎಂಟು ವರ್ಷದಿಂದ ಮಾಡ್ತಾ ಇದೀನಿ, ನಾವು ಕಷ್ಟಪಟ್ಟು ಒಂದು ಪದ ಕಟ್ಟಿ ಕೊಟ್ರೆ ಕೊನೆಗೆ ಜನ ಹೆಲ್ಪ್‌ಲೈನಿಗೆ ಫೋನ್ ಮಾಡಿ ಇದರ ಇಂಗ್ಲಿಷ್ ಏನು ಅಂತ ಕೇಳ್ತಾರೆ. ರೈತರ ನೋಂದಣಿಗೆ ಸರ್ಕಾರದ ಫ್ರೂಟ್ಸ್ ನಂಬರ್ ಇದೆಯಲ್ಲ, ಅದನ್ನ ರೈತರು ಎಫ್‌ಐಡಿ ಎಫ್‌ಐಡಿ ಅಂತ ಎಷ್ಟು ಸಲೀಸಾಗಿ ಹೇಳ್ತಾರೆ, ಅದಕ್ಕೆ ಯಾರೂ ಕನ್ನಡ ಕೇಳ್ಲಿಲ್ಲ. ಕಾಫಿಯವರು ಪಲ್ಪರ್, ಪಾರ್ಚ್‌ಮೆಂಟ್, ಚೆರಿ, ಔಟ್‌ಟರ್ನ್ ಅಂತ ಮಾತಾಡೋರು, ಅವರಿಗೆ ಇನ್ನೊಂದು ಇಂಗ್ಲಿಷ್ ಪದ ಭಾರ ಆಗಲ್ಲ.

ಬರೆದವರು: ಎಲ್ಲರ ಕನ್ನಡದವ, ಬೆಂಗಳೂರು

ಈ ಸೋಮಾರಿತನದಿಂದಾನೇ ನಾವು ಈ ಗತಿಗೆ ಬಂದಿರೋದು. ಎಂಟು ವರುಶ ಅನುವಾದ ಮಾಡಿ ಕೊನೆಗೆ ಹಾಗೇ ಬಿಡಿ ಅನ್ನೋದಾದ್ರೆ ಆ ಕೆಲಸಕ್ಕೆ ಸಂಬಳ ಯಾಕೆ? ಪಹಣಿ, ರಸೀದಿ, ಕಾತೆ, ದಾಕಲೆ ಇವೆಲ್ಲ ಆಳಿದವರ ಕಚೇರಿಯಿಂದ ಬಂದ ಮಾತು. ಅವರು ಹೇರಿದ್ರು, ನಾವು ಹೊತ್ವಿ. ಈಗ ಹೇರೋರು ಯುರೋಪಿನವರು. ಅವರ ಕಾನೂನು, ಅವರ ಮ್ಯಾಪು, ಪದಾನೂ ಅವರದ್ದೇ ಆಗ್ಬೇಕಾ?

ಬರೆದವರು: ಕ್ಯೂರಿಂಗ್ ವರ್ಕ್ಸಲ್ಲಿ ಇದ್ದವನು, ಹಾಸನ

ನಾನು ಭಾಷಾ ಪಂಡಿತ ಅಲ್ಲ, ಮೂವತ್ತೊಂದು ವರ್ಷ ಕ್ಯೂರಿಂಗ್ ವರ್ಕ್ಸಲ್ಲಿ, ಅಂದ್ರೆ ಕಾಫಿ ಸಿಪ್ಪೆ ತೆಗೆದು ವಿಂಗಡಿಸೋ ಕಾರ್ಖಾನೆಯಲ್ಲಿ, ಕೆಲಸ ಮಾಡಿದವನು. ಪದ ಕಟ್ಟೋ ಮುಂಚೆ ಕೆಲಸ ಏನು ಅಂತ ಒಂದು ಸಲ ನೋಡಿ, ಪದ ತಾನಾಗೇ ಸಿಗುತ್ತೆ.

ಪೂಲ್, ಅಂದ್ರೆ ಎಲ್ಲರ ಕಾಫಿ ಒಟ್ಟು ಮಾಡಿ ಕಾಫಿ ಮಂಡಳಿಯೇ ಮಾರೋ ವ್ಯವಸ್ಥೆ, ಇದ್ದ ಕಾಲ ನಾನು ನೋಡಿದೀನಿ. 1942ರ ಕಾಯ್ದೆ ಪ್ರಕಾರ ಬೆಳೆದಿದ್ದನ್ನ ಮಂಡಳಿಯ ಪೂಲಿಗೆ ಕೊಡ್ಬೇಕಿತ್ತು. ತೋಟದವರು ಚೀಲದ ಮೇಲೆ ತಗಡಿನ ಅಚ್ಚು ಇಟ್ಟು ಮಸಿ ಹಚ್ಚಿ ತೋಟದ ಹೆಸರು ಹಾಕಿ ಕಳಿಸೋರು. ಲಾರಿ ಬಂದ ತಕ್ಷಣ ನಾವು ಮೊದಲು ನೋಡ್ತಿದ್ದಿದ್ದು ಅದನ್ನೇ, “ಗುರುತು ಯಾವ್ದು?” ಅಂತಾನೇ ಕೇಳ್ತಿದ್ದಿದ್ದು. ತೂಕ ಆಯ್ತು, ತೇವ ನೋಡಿದ್ವಿ, ಸ್ಯಾಂಪಲ್ ತೆಗೆದು ಔಟ್‌ಟರ್ನ್ ಹಾಕಿದ್ವಿ, ಅಂದ್ರೆ ಎಷ್ಟಕ್ಕೆ ಎಷ್ಟು ಬೀಜ ಸಿಗುತ್ತೆ ಅಂತ ನೋಡಿದ್ವಿ, ಅಲ್ಲಿವರೆಗೂ ಅದು ಇಂಥ ತೋಟದ ಕಾಫಿ. ಸಿಪ್ಪೆ ತೆಗೆದು ಜರಡಿಗೆ ಹೋಗಿ ಎ, ಬಿ, ಸಿ, ಪೀಬೆರ್ರಿ ಅಂತ ಬೇರೆ ಆದ್ಮೇಲೆ ಎ ಎಲ್ಲಾ ಒಂದ್ಕಡೆ, ಬಿ ಎಲ್ಲಾ ಒಂದ್ಕಡೆ ಬಲ್ಕ್ ಮಾಡ್ತಿದ್ವಿ. ನಲವತ್ತು ತೋಟದ ಕಾಫಿ ಒಂದೇ ರಾಶಿ. ಅಲ್ಲಿಗೆ ಗುರುತು ಹೋಯ್ತು ಅಂತಾನೇ ನಮ್ಮ ಮಾತು. ಬೆಳೆಗಾರನಿಗೆ ಪುಸ್ತಕದಲ್ಲಿ ದುಡ್ಡಿನ ಲೆಕ್ಕಕ್ಕೆ ಪಾಯಿಂಟ್ ಉಳೀತಿತ್ತು, ಕಾಫಿ ಯಾವ್ದು ಅಂತ ದೇವರಿಗೂ ಗೊತ್ತಾಗ್ತಿರ್ಲಿಲ್ಲ. 1996ರಲ್ಲಿ ಪೂಲ್ ಪೂರ್ತಿ ಹೋಯ್ತು, ಯಾರಿಗೆ ಬೇಕಾದ್ರೂ ಮಾರಬಹುದು ಅಂತಾಯ್ತು, ಆದ್ರೂ ಬಲ್ಕ್ ಮಾಡೋದು ನಿಲ್ಲಲಿಲ್ಲ. ಈಗಲೂ ರಫ್ತಿನ ಚೀಲದ ಮೇಲೆ ಅಂತರರಾಷ್ಟ್ರೀಯ ಕಾಫಿ ಸಂಸ್ಥೆಯ ಮಾರ್ಕ್ ಇರುತ್ತೆ, ಭಾರತಕ್ಕೆ 14, ಮುಂದೆ ರಫ್ತುದಾರನ ನಂಬರ್, ಅದರ ಮುಂದೆ ಲಾಟ್ ನಂಬರ್. ತೋಟ ಅದರಲ್ಲಿಲ್ಲ.

ಈ ಹೊಸ ಕಾನೂನು ಕೇಳ್ತಿರೋದು ಇಷ್ಟೇ, ರಾಶಿ ಆದ್ಮೇಲೂ ಗುರುತು ಹೋಗಬಾರದು. ಗುರುತಿಲ್ಲದ ಒಂದು ಚೀಲ ಸೇರಿದ್ರೂ ಆ ರಾಶಿ ಪೂರ್ತಿ ಕೆಡ್ತು. ಅಮ್ಮಾ, ನಿಮ್ಮ ಆ ಹಿರಿಯರನ್ನ ಕರೆದು “ನಿಮ್ಮ ಚೀಲದ ಗುರುತು ಬರ್ಕೊಳ್ತೀವಿ” ಅನ್ನಿ, ಅವರಿಗೆ ಅರ್ಥ ಆಗುತ್ತೆ, ಅವರಪ್ಪನೂ ತಗಡಿನ ಅಚ್ಚು ಇಟ್ಟುಕೊಂಡಿದ್ದವರೇ ಇರ್ಬೇಕು. ಪತ್ತೆ ಅನ್ನೋದು ಕಳೆದು ಹೋದ್ಮೇಲೆ. ಗುರುತು ಅನ್ನೋದು ಕಳೆದು ಹೋಗದ ಹಾಗೆ.

ಬರೆದವರು: ಕನ್ನಡಿಗ, ಹ್ಯಾಂಬರ್ಗ್

ಈ ಕಡೆ ಬಂದರಿಗೆ ಕಾಫಿ ಬಂದು ಇಳಿಯೋದನ್ನ ದಿನಾ ನೋಡ್ತೀನಿ, ಅದಕ್ಕೇ ಎರಡು ಮಾತು. ಜರ್ಮನ್ನರು ಟ್ರೇಸಬಿಲಿಟಿಗೆ ‘ರ‍್ಯೂಕ್‌ಫೆರ್‌ಫೋಲ್ಗ್‌ಬಾರ್‌ಕೈಟ್’ ಅಂತಾರೆ. ಬಿಡಿಸಿದ್ರೆ ಹಿಂದಕ್ಕೆ, ಬೆನ್ನು ಹಿಡಿ, ಆಗುವಂಥ, ತನ. ಯಾರಿಂದಲೂ ಸಾಲ ತಂದಿಲ್ಲ, ನಾಲಿಗೆಗೆ ಎಷ್ಟು ಕಷ್ಟ ಆದ್ರೂ ಡಬ್ಬಿ ಮೇಲೆ ಅದನ್ನೇ ಅಚ್ಚು ಹಾಕ್ತಾರೆ. ಇಟಲಿಯವರು ಮಾತ್ರ ‘ಟ್ರಾಚ್ಚಬಿಲಿತಾ’ ಅಂತ ಇಂಗ್ಲಿಷಿನ ಹತ್ತಿರದ್ದೇ ಇಟ್ಟುಕೊಂಡಿದಾರೆ, ಅದು ಅವರ ಲ್ಯಾಟಿನ್ ಮನೆಯದ್ದೇ ಪದ, ಸಾಲ ಅನ್ನೋಕಾಗಲ್ಲ. ಗಮನಿಸಬೇಕಾದ್ದು ಜರ್ಮನ್ನಿನ ಆ ‘ಹಿಂದಕ್ಕೆ’. ಸಾಮಾನು ಎಲ್ಲಿಗೆ ಹೋಯ್ತು ಅಂತ ನೋಡೋದು ಟ್ರ್ಯಾಕಿಂಗ್, ಎಲ್ಲಿಂದ ಬಂತು ಅಂತ ಹಿಂದಕ್ಕೆ ಹೋಗೋದು ಟ್ರೇಸಿಂಗ್. ಇಲ್ಲಿ ಬಂದ ಬಹಳ ಪದಗಳು ಮುಂದಕ್ಕೆ ಹೋಗೋವು. ಬಳಿವಿಡಿತನೂ ಹಾಗೇ.

ಬರೆದವರು: ನಿವೃತ್ತ ಕನ್ನಡ ಅಧ್ಯಾಪಕ, ಮೈಸೂರು

ಹಾಸನದವರ ಪತ್ರ ಓದಿದೆ. ನನ್ನ ಸಲಹೆ ವಾಪಸ್ ತಗೊಳ್ತಾ ಇದೀನಿ. ಆದ್ರೆ ‘ಗುರುತು’ ಬಗ್ಗೆ ಮಾತಾಡೋರು ಅದರ ಕುಲ ತಿಳ್ಕೊಂಡು ಮಾತಾಡ್ಬೇಕು. ಅದು ಗುಱುತು, ಶಕಟರೇಫ, ಅಂದ್ರೆ ಹಳಗನ್ನಡದ ಱ ಅಕ್ಷರ, ಇರೋ ಪದ. ಕುಱುಪು, ಕುಱುಹು, ಗುಱಿ, ಕುಱಿತು ಎಲ್ಲಾ ಒಂದೇ ಬೇರು, ತಮಿಳಲ್ಲಿ ಕುಱಿ. ಕವಿರಾಜಮಾರ್ಗದ ‘ಕುಱಿತೋದದೆಯುಂ’ ಎಲ್ಲರ ಬಾಯಲ್ಲೂ ಇದೆ, ಅಲ್ಲಿರೋದೂ ಇದೇ ಧಾತು, ಗುರಿಯಿಟ್ಟು ಓದದೆಯೂ ಅಂತ. ಅಂದ್ರೆ ಗುರುತಲ್ಲಿ ಬರೀ ಮಚ್ಚೆ ಇಲ್ಲ, ನೆಟ್ಟ ನೋಟ ಇದೆ. ಟ್ರೇಸಬಿಲಿಟಿಗೆ ಬೇಕಿರೋದು ಅದೇ.

ಇನ್ನು ಎಲ್ಲರ ಕನ್ನಡದವರಿಗೆ: ‘ಬಿಕ್ಶೆ’, ‘ಕಾತೆ’ ಅಂತ ಬರೆದು ಕನ್ನಡ ಉಳಿಸ್ತೀನಿ ಅಂದ್ರೆ ನಾನು ಒಪ್ಪಲ್ಲ. ಮಹಾಪ್ರಾಣ ಬಿಟ್ಟ ಮಾತ್ರಕ್ಕೆ ಪದ ಹಗುರ ಆಗಲ್ಲ.

ಬರೆದವರು: ಎಲ್ಲರ ಕನ್ನಡದವ, ಬೆಂಗಳೂರು

ನಾಲಿಗೆಯಲ್ಲಿ ಇಲ್ಲದ್ದನ್ನ ಬರಹದಲ್ಲಿ ಯಾಕೆ ಹೊರಬೇಕು ಮೇಶ್ಟ್ರೇ. ಇದನ್ನ ಬೇರೆ ಎಳೆಯಲ್ಲಿ ಮಾತಾಡೋಣ, ಬಿಡಲ್ಲ ನಾನು. ಗುರುತು ನನಗೂ ಒಪ್ಪಿಗೆ, ನಮ್ಮದೇ ಪದ. ಆದ್ರೆ ‘ಗುರುತಿಸುವಿಕೆ’ ಅಂತ ಹಾಳು ಮಾಡಬೇಡಿ. ‘ಸುಸ್ತಿರ’ ಬದಲು ‘ಬಾಳಿಕೆ ಬರೋ’ ಅನ್ನಿ, ಚಪ್ಪಲಿಗೂ ಕೊಡೆಗೂ ಅನ್ನಲ್ವಾ, ಅದನ್ನೇ ಬೇಸಾಯಕ್ಕೂ ಅನ್ನಿ.

ಬರೆದವರು: ಬೆಳೆಗಾರರ ಸಂಘದ ಕಚೇರಿ, ಮೂಡಿಗೆರೆ ಕಡೆ

ಬೋರ್ಡ್ ಆಯ್ತು. ಪೇಂಟರ್ ಈಗ ತಾನೇ ಹೋದ, ಬಣ್ಣ ಇನ್ನೂ ಹಸಿ ಇದೆ.

ದೊಡ್ಡಕ್ಷರದಲ್ಲಿ: ‘ನಿಮ್ಮ ಕಾಫಿ ಯಾವ ತೋಟದ್ದು? ಇಲ್ಲಿ ಬರೆಸಿ.’ ಅದರ ಕೆಳಗೆ ಸಣ್ಣದಾಗಿ: ‘ತೋಟದ ಗುರುತು’. ಕೇಂದ್ರ, ವಿಭಾಗ, ಘಟಕ ಯಾವ್ದೂ ಹಾಕ್ಲಿಲ್ಲ, ಅವು ಸೇರಿದ ಕೂಡ್ಲೇ ತಾಲ್ಲೂಕು ಕಚೇರಿ ಥರ ಕಾಣುತ್ತೆ. ಕೈಪಿಡಿಯಲ್ಲೂ ಸಾಧ್ಯತೆಗೆ ಅಂತ ಬೇರೆ ನಾಮಪದ ಮಾಡೋಕೆ ಹೋಗಲ್ಲ, ‘ತೋಟದವರೆಗೆ ಗುರುತು ಸಿಗುತ್ತೆ’, ‘ಗುರುತು ತಪ್ಪದ ಹಾಗೆ’ ಅಂತ ಕ್ರಿಯಾಪದದಲ್ಲೇ ಬರೀತೀನಿ. ಎಲ್ಲಿ ಒಂದೇ ಪದ ಬೇಕೋ ಅಲ್ಲಿ ‘ತೋಟಗುರುತು’. ಟ್ರ್ಯಾಕಿಂಗಿಗೆ ‘ಸಾಗಣೆ ವಿವರ’, ಅಷ್ಟು ಸಾಕು. ಬಾಳಿಕೆ ಬರೋ ಬೇಸಾಯ ಒಂದು ಕಡೆ ಹಾಕಿ ಓದಿ ನೋಡಿದೆ, ಚೆನ್ನಾಗಿ ಕೂತಿದೆ.

ಮ್ಯಾಪಿನ ಅಧ್ಯಾಯದಲ್ಲಿ ಇನ್ನೊಂದು ತೊಡಕಿದೆ. ನಮ್ಮ ಕಾಫಿ ಹಲಸು, ಅತ್ತಿ, ಸಿಲ್ವರ್ ಓಕ್ ನೆರಳಲ್ಲಿ ಇರೋದು, ಮೇಲಿಂದ ಫೋಟೋ ತೆಗೆದ್ರೆ ತೋಟಾನೂ ಕಾಡಿನ ಹಾಗೇ ಕಾಣುತ್ತೆ, ಮರಗಸಿ ಮಾಡಿದ, ಅಂದ್ರೆ ನೆರಳಿನ ಮರದ ಕೊಂಬೆ ಕಡಿದ, ವರ್ಷ ಕಾಡು ಕಡಿದಂಗೆ ಕಾಣಬಹುದು. ಇಂಗ್ಲಿಷಲ್ಲಿ ಅದಕ್ಕೆ ಶೇಡ್ ರೆಗ್ಯುಲೇಶನ್ ಅಂತ ಇತ್ತು, ಮೊದಲು ‘ನೆರಳು ನಿಯಂತ್ರಣ’ ಅಂತ ಬರೆದಿದ್ದೆ, ಈಗ ಹೊಡೆದು ಹಾಕಿ ಮರಗಸಿ ಅಂತಾನೇ ಬರೆದೆ. ಪದ ನಮ್ಮ ಬಾಯಲ್ಲೇ ಇತ್ತು, ಯಾಕೆ ಹಾಗೆ ಬರೆದೆನೋ.

ಹಾಸನದ ಅಣ್ಣಾವ್ರು ಹೇಳಿದ ಹಾಗೆ ಆ ಹಿರಿಯರಿಗೆ ಫೋನ್ ಮಾಡಿ ಬೋರ್ಡ್ ಓದಿ ಹೇಳಿದೆ. ಗುರುತು ಅಂದ್ರೆ ಆಯ್ತಮ್ಮ, ನಮ್ಮ ತಗಡು ಅಟ್ಟದ ಮೇಲೆ ಇನ್ನೂ ಇದೆ ಅಂದ್ರು. ಸ್ವಲ್ಪ ಹೊತ್ತು ಸುಮ್ಮನಿದ್ದು, ಆ ಏರಿನ ಜಾಗಾನೂ ಬರೆಸ್ಬೇಕಾ ಅಂತ ಕೇಳಿದ್ರು. ಆ ಜಾಗದ ಹಣ್ಣು ಚೀಲದಲ್ಲಿದ್ರೆ ಬರೆಸ್ಬೇಕು ಅಂದೆ, ಸುಳ್ಳು ಹೇಳೋಕಾಗಲ್ಲ, ಕಾನೂನಲ್ಲಿ ಕಾಡು ಕಡಿದಿಲ್ಲ ಅನ್ನೋದರ ಜೊತೆ ನಮ್ಮ ದೇಶದ ಕಾಯ್ದೆ ಪ್ರಕಾರ ಬೆಳೆದಿರ್ಬೇಕು ಅಂತಾನೂ ಇದೆ. ಸೋಮವಾರ ಬರ್ತೀನಿ, ಚೀಲ ತರಲ್ಲ, ಕಾಗದ ತಂದು ತೋರಿಸ್ತೀನಿ, ಮೊದಲು ಅದನ್ನ ನೋಡು ಅಂದ್ರು.

ಪೂರೈಕೆ ಸರಪಳಿಗೆ ಇನ್ನೂ ಏನೂ ಸಿಕ್ಕಿಲ್ಲ. ಸರಪಳಿ ಅಂದ್ರೆ ನಮ್ಮವರಿಗೆ ನಾಯಿಗೆ ಕಟ್ಟೋದು, ಲಾರಿಗೆ ಕಟ್ಟೋದು. ‘ಕೈಯಿಂದ ಕೈಗೆ’ ಅಂತ ಸದ್ಯಕ್ಕೆ ಬರೆದಿಟ್ಟಿದೀನಿ, ಬೇರೆ ಪತ್ರ ಹಾಕಿ ಕೇಳ್ತೀನಿ.